ಎಲ್ಲಿತನಾ ಬಂದಿತ್ತು ನೀರು?

ಮಾರ್ತಾಂಡಪ್ಪನವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಗೋಡೆಯ ಬುಡವನ್ನು. ಮನೆಯವರ ಮುಖ ಆಮೇಲೆ. ನಮಸ್ಕಾರ ಅದಕ್ಕೂ ಆಮೇಲೆ. ಆರಡಿ ಎತ್ತರದ ಬಿಳಿ ಮನುಷ್ಯ, ಹೊಸ್ತಿಲು ದಾಟುವಾಗ ಬಾಗಿದವರು ಬಾಗಿದ ಹಾಗೇ ಮುಂದೆ ಹೋಗಿ, ಮಂಡಿಯೂರಿ, ಗೋಡೆಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಸಿ ನೋಡುತ್ತಿದ್ದರು. ತೇವದ ವಾಸನೆ ಬಂದರೆ ತಲೆಯೆತ್ತಿ ಕೇಳುತ್ತಿದ್ದರು: "ಎಲ್ಲಿತನಾ ಬಂದಿತ್ತು ನೀರು?"

ಮೊದಲ ಸಲ ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ನನ್ನ ಗಂಡ ಒಳಗೆ ಬಂದು ಮೆಲ್ಲಗೆ ಕೇಳಿದರು: "ಈತಗ ತಲಿ ಸರಿ ಐತೇನ?"

"ತಲಿ ಭಾಳ ಐತಿ, ಅದಕ್ಕ ಹಿಂಗ," ಅಂದೆ.

ಅವರ ನಿಜವಾದ ಹೆಸರು ಹಲಾಸ್ ಮಾರ್ತೊನ್. ಹಂಗೇರಿ ದೇಶದವರು. ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಹಲಾಸ್ ಅಂದರೆ ಮೀನು ಹಿಡಿಯುವವರಂತೆ. ಅಜ್ಜ ಹಿಡಿಯುತ್ತಿದ್ದ, ಇವರು ಹಿಡಿಯಲಿಲ್ಲ, ಓದಿದರು. ನಮ್ಮ ಬೀದಿಯವರ ಬಾಯಲ್ಲಿ ಮಾರ್ತೊನ್ ಅನ್ನುವ ಹೆಸರು ಒಂದು ವಾರ ಉಳಿಯಿತು, ಎರಡನೇ ವಾರಕ್ಕೆ ಮಾರ್ತಾಂಡಪ್ಪ ಆಯಿತು. ಅವರದೇನೂ ತಕರಾರಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿದ್ದರು, ಅಷ್ಟೇ ಬೇಕಾಗಿದ್ದುದು.

ಎಮರ್ಜೆನ್ಸಿ ಮುಗಿದ ಮರುವರ್ಷ ಅವರು ಯಲಹಂಕಕ್ಕೆ ಬಂದರು. ಪುಟ್ಟೇನಹಳ್ಳಿ ಕೆರೆಯ ಮೇಲಿನ ರಸ್ತೆಯಲ್ಲಿ ಎರಡು ಕೋಣೆಯ ಹೆಂಚಿನ ಮನೆ ಬಾಡಿಗೆಗೆ ಹಿಡಿದರು. ಹೆಬ್ಬಾಳದಿಂದ ಈ ಕಡೆಗಿರುವ ಕೆರೆಗಳನ್ನು ಹಿಂದಿನವರು ಹೇಗೆ ಕಟ್ಟಿದರು, ಒಂದು ತುಂಬಿದ ಮೇಲೆ ನೀರು ಯಾವ ದಾರಿ ಹಿಡಿದು ಇನ್ನೊಂದಕ್ಕೆ ಹೋಗುತ್ತಿತ್ತು ಅನ್ನುವುದನ್ನು ಪುಸ್ತಕ ಬರೆಯುವುದು ಅವರ ಕೆಲಸ. ಬೆಳಿಗ್ಗೆ ಸೈಕಲ್ ಏರಿ ಹೋದರೆ ಮಧ್ಯಾಹ್ನ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದರು. ನಾನು ಅಡುಗೆಗೂ ಕಸ ಮುಸುರೆಗೂ ಸೇರಿಕೊಂಡೆ. ಒರೆಸಿದ ನೆಲದ ಮೇಲೆ ಆ ಕೆಸರುಗಾಲು ಇಟ್ಟಾಗ ಬೈಯುತ್ತಿದ್ದೆ. ಬೈಗುಳವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ನಾವು ಬ್ಯಾಡಗಿ ಕಡೆಯವರು. ಗಂಡನಿಗೆ ಯಶವಂತಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು ಅಂತ ಬಂದು, ಕೆರೆಯ ಕೆಳಗಿನ ಬೀದಿಯಲ್ಲಿ ಮಣ್ಣಿನ ಗೋಡೆಯ ಮನೆ ಮಾಡಿಕೊಂಡವರು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾರ್ತಾಂಡಪ್ಪ ಒಂದನೇ ಕ್ಲಾಸಿನ ಕನ್ನಡ ಪುಸ್ತಕ ಮತ್ತು ಒಂದು ಸ್ಲೇಟು ತಂದು ಅಡುಗೆಮನೆಯ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ನಾನು ರೊಟ್ಟಿ ತಟ್ಟುತ್ತ ಹೇಳಬೇಕು, ಅವರು ಬರೆಯಬೇಕು. ನನಗೆ ಅರ್ಧ ಅಕ್ಷರ ಮರೆತುಹೋಗಿತ್ತು. ಅದನ್ನು ಹೇಳಲು ನಾಚಿಕೆ, ಅದಕ್ಕೇ ರೊಟ್ಟಿ ಸೀಯುತ್ತದೆ ಅಂತ ಒಲೆಯ ಕಡೆ ತಿರುಗುತ್ತಿದ್ದೆ. ಅವರಿಗೆ ಗೊತ್ತಾಯಿತು. ಮಾರನೆಯ ದಿನ ಎರಡನೇ ಸ್ಲೇಟು ತಂದರು. ನನ್ನ ಪಕ್ಕದಲ್ಲಿಟ್ಟರು. ಇಬ್ಬರೂ ಒಟ್ಟಿಗೆ ಕಲಿತೆವು. ಅವರ ಕೈಬರಹ ಕೊನೆಯವರೆಗೂ ನನಗಿಂತ ಕೆಟ್ಟದಾಗಿತ್ತು.

ಮಾತು ಕಲಿತದ್ದು ನನ್ನಿಂದ, ಹಾಗಾಗಿ ಅವರ ಕನ್ನಡ ನಮ್ಮ ಕಡೆಯ ಕನ್ನಡ. ಪುಟ್ಟೇನಹಳ್ಳಿಯಲ್ಲಿ ನಿಂತು ಒಬ್ಬ ಬಿಳಿಯ "ಏನ್ರೀ, ಎಲ್ಲಿಗೆ ಹೊಂಟೀರಿ?" ಅಂದರೆ ಇಲ್ಲಿಯವರು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಮಾತಿಗೆ ನಗುತ್ತಿದ್ದವರು ಇವರೇ. ಈಗ ಇಬ್ಬರಾದೆವು.

ಊಟದಲ್ಲಿ ಅವರ ಹಟ ಒಂದೇ. ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ನಮ್ಮ ಬ್ಯಾಡಗಿ ಮೆಣಸಿನ ಪುಡಿಯನ್ನು ಜಾತ್ರೆಯಲ್ಲಿ ಭಂಡಾರ ಎರಚಿದ ಹಾಗೆ ಎರಚಿ ತಿನ್ನಬೇಕು. ಬಣ್ಣ ಕೆಂಪು, ಖಾರ ಕಡಿಮೆ, ತಮ್ಮೂರಿನ ಮೆಣಸಿನಕಾಯಿಯೂ ಹೀಗೇ ಅನ್ನುತ್ತಿದ್ದರು. ಊರಿನ ಹೆಸರು ಸೆಗೆಡ್. ಬೇಸಿಗೆ ಕಳೆದು ಚಳಿ ಶುರುವಾಗುವಾಗ ಅಲ್ಲಿ ಮನೆಮನೆಯ ಮುಂದೆ ಕೆಂಪು ಮೆಣಸಿನಕಾಯಿಯ ಸರ ನೇತುಹಾಕುತ್ತಾರಂತೆ.

"ನಮ್ಮ ಮೆಣಸಿನಕಾಯಿ ನಿಮ್ಮೂರಿಗೆ ಯಾರು ಒಯ್ದರ್ರೀ?" ಅಂತ ಕೇಳಿದೆ.

"ನಮ್ಮದನ್ನ ನಿಮ್ಮೂರಿಗೆ ಯಾರು ತಂದರು, ಅದನ್ನ ಹೇಳು ಶಾಂತವ್ವ," ಅಂದರು.

ಈ ಜಗಳ ಹನ್ನೊಂದು ವರ್ಷ ನಡೆಯಿತು, ತೀರ್ಮಾನವಾಗಲಿಲ್ಲ.

ಅವರು ಬರೀ ಓದಿದವರಲ್ಲ. ಸೆಗೆಡ್ಡಿನ ಕಾಲೇಜಿನಲ್ಲಿ ನದಿಗಳ ಬಗ್ಗೆ ಪಾಠ ಹೇಳುತ್ತ, ಚುನಾವಣೆಗೂ ನಿಂತವರು. ಆ ಕತೆಯನ್ನು ಒಂದು ದಿನ ಹುರುಳಿಕಾಳು ಆರಿಸುತ್ತ ಹೇಳಿದರು. ಅವರು ಸುಮ್ಮನೆ ಕೂರುತ್ತಿರಲಿಲ್ಲ, ಮಾತಾಡುವಾಗ ಕೈಗೆ ಕಾಳೋ ಸೊಪ್ಪೋ ಏನಾದರೂ ಕೊಡಬೇಕಿತ್ತು.

"ಮೂರು ಸಲ ನಿಂತು ಸೋತೆ. ನಾಲ್ಕನೇ ಸಲ ಗೆದ್ದೆ. ಗೆದ್ದ ಎರಡು ವರ್ಷಕ್ಕ ಸರ್ಕಾರ ಬದಲಾತು, ಒಯ್ದು ಜೈಲಿಗೆ ಹಾಕಿದ್ರು."

"ನಾಲ್ಕನೇ ಸಲಾನೂ ಸೋತಿದ್ರ ಚಲೋ ಆಗ್ತಿತ್ತಲ್ರೀ."

ನಗುತ್ತ ಕಾಳೆಲ್ಲ ಚೆಲ್ಲಿದರು. ಮತ್ತೆ ಆರಿಸಿದ್ದು ನಾನು.

ಜೈಲಿನಿಂದ ಹೊರಗೆ ಬಂದಮೇಲೆ ದೇಶದಲ್ಲಿ ದೊಡ್ಡ ಗಲಾಟೆಯಾಯಿತಂತೆ. ಆ ಗಲಾಟೆಯಲ್ಲಿ ಒಂದು ಚೀಲ ಹಿಡಿದು ಗಡಿ ದಾಟಿದರು. ಇಂಗ್ಲೆಂಡಿನಲ್ಲಿ ಪಾಠ ಹೇಳಿ ವಯಸ್ಸು ಕಳೆದು ಇಲ್ಲಿಗೆ ಬಂದರು. ಊರಿಗೆ ಹೋಗುವ ಹಾಗಿರಲಿಲ್ಲ, ಹೋದರೆ ಮತ್ತೆ ಹಿಡಿಯುತ್ತಿದ್ದರು. ಇದನ್ನು ಅವರು ಅತ್ತುಕೊಂಡು ಹೇಳಲಿಲ್ಲ. ನಾನೂ ಅಯ್ಯೋ ಪಾಪ ಅನ್ನಲಿಲ್ಲ.

ಊರಿನ ಮಾತು ಬಂದರೆ ಮಾತ್ರ ಹಿಡಿಯಲಾಗುತ್ತಿರಲಿಲ್ಲ. ಸೆಗೆಡ್ ಅಂಗೈಯಂತೆ ಚಪ್ಪಟೆ ಊರು, ಪಕ್ಕದಲ್ಲಿ ತಿಸಾ ಅನ್ನುವ ನದಿ. ಅವರ ಅಜ್ಜನ ಕಾಲದಲ್ಲಿ ಆ ನದಿ ದಡದ ಏರಿ ಒಡೆದು ಊರೊಳಗೆ ನುಗ್ಗಿತು. ಮಣ್ಣಿನ ಮನೆಗಳೆಲ್ಲ ಬೆಲ್ಲದ ಹಾಗೆ ಕರಗಿಹೋದವು. ಉಳಿದವು ಕೆಲವೇ ಮನೆ, ಅದರಲ್ಲಿ ಇವರ ಅಜ್ಜನದೂ ಒಂದು. ರಾಜ ದೋಣಿಯಲ್ಲಿ ಬಂದು ನೋಡಿ, ಈ ಊರನ್ನು ಮೊದಲಿಗಿಂತ ಚಂದ ಮಾಡುತ್ತೇವೆ ಅಂದನಂತೆ.

"ಮಾಡಿದ್ನಾ?"

"ಮಾಡಿದ."

"ಅಂತೂ ಒಬ್ಬ ಮಾತು ಉಳಿಸಿಕೊಂಡ."

ಆಗ ಬೇರೆ ಬೇರೆ ದೇಶದ ಊರುಗಳು ಸಹಾಯಕ್ಕೆ ಬಂದವಂತೆ. ಅದನ್ನು ಮರೆಯಬಾರದು ಅಂತ ಊರು ಸುತ್ತುವ ದೊಡ್ಡ ರಸ್ತೆಯನ್ನು ತುಂಡು ತುಂಡು ಮಾಡಿ, ಒಂದು ತುಂಡಿಗೆ ಲಂಡನ್, ಒಂದಕ್ಕೆ ಪ್ಯಾರಿಸ್, ಒಂದಕ್ಕೆ ರೋಮ್ ಅಂತ ಹೆಸರಿಟ್ಟರು. ಸಹಾಯ ಮಾಡಿದವರ ಹೆಸರನ್ನು ದಿನಾ ತುಳಿದುಕೊಂಡು ಓಡಾಡುವುದು ಎಂಥ ಮರ್ಯಾದೆ ಅಂತ ನಾನು ಕೇಳಿದೆ. "ತುಳಿಯೋದಲ್ಲ, ದಿನಾ ಬಾಯಾಗ ಬರ್ತದ," ಅಂದರು.

ಈಗ ನಮ್ಮ ಬೀದಿಯ ಸಂಗತಿ. ಬೀದಿಯ ಕೊನೆಯಲ್ಲಿ ರಸ್ತೆ, ರಸ್ತೆಯ ಅಡಿಯಲ್ಲಿ ಕೆರೆಯಿಂದ ಬರುವ ಕಾಲುವೆಯ ನೀರು ದಾಟಲು ಒಂದು ಮೋರಿ. ರಸ್ತೆಯನ್ನು ಎತ್ತರ ಮಾಡಿದವರು ಹಳೆಯ ಅಗಲ ಮೋರಿ ಮುಚ್ಚಿ, ಆಡಿನ ಮರಿ ನುಗ್ಗುವಷ್ಟು ಅಗಲದ ಒಂದು ಪೈಪು ಹಾಕಿ ಹೋದರು. ಅಂದಿನಿಂದ ಪ್ರತಿ ಮಳೆಗಾಲ ಕೆರೆ ಕೋಡಿ ಹರಿದ ದಿನ ನೀರು ಆ ಪೈಪಿನ ಮುಂದೆ ನಿಂತು, ಹಿಂದೆ ಸರಿದು, ನಮ್ಮ ಮನೆಗಳಿಗೆ ಬರುತ್ತಿತ್ತು. ರಾಗಿ ಮೊಳಕೆಯೊಡೆಯುತ್ತಿತ್ತು. ಪಕ್ಕದ ಮನೆಯ ಅಮೀನಾಬಿಯ ಗಂಡ ಹತ್ತಿ ಜಾಡಿಸಿ ಹಾಸಿಗೆ ಹೊಲಿಯುವವನು, ಅವನ ಹತ್ತಿಯೆಲ್ಲ ಹಿಟ್ಟಿನ ಮುದ್ದೆಯಾಗುತ್ತಿತ್ತು. ಗಾರೆ ಕೆಲಸದ ಮೇಸ್ತ್ರಿ ಮುನಿಯಪ್ಪನ ಮನೆಯ ಹಿಂದಿನ ಗೋಡೆ ಆಗಲೇ ಕುಸಿದಿತ್ತು. ಊರಿಗೆಲ್ಲ ಗೋಡೆ ಕಟ್ಟುವವನ ಗೋಡೆ! ಮಣ್ಣಿನ ಗೋಡೆ ಎಷ್ಟು ಸಲ ನೆನೆದು ನಿಂತೀತು? ಇನ್ನೊಂದೆರಡು ಮಳೆಗಾಲಕ್ಕೆ ಬೀದಿಯೇ ಇರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಅರ್ಜಿ ಕೊಟ್ಟಿದ್ದೆವು. ಆಫೀಸಿನವರು ಅದನ್ನು ಓದಿ ನಕ್ಕರಂತೆ. ಮುನಿಯಪ್ಪ ಕುತ್ತಿಗೆಯವರೆಗೆ ನೀರು ಅಂತ ಬರೆಸಿದ್ದ, ನಾನು ಮೊಣಕಾಲಿನವರೆಗೆ ಅಂತ, ಇನ್ನೊಬ್ಬರು ಸೂರಿನವರೆಗೆ ಅಂತ. ಒಂದೇ ಬೀದಿ, ಒಂದೇ ದಿನ, ಇಷ್ಟೊಂದು ನೀರು ಹೇಗೆ? ಸುಳ್ಳು ಅರ್ಜಿ ಅಂತ ಪಕ್ಕಕ್ಕಿಟ್ಟರು.

ಮಾರ್ತಾಂಡಪ್ಪ ಬಂದ ಮೂರನೇ ವರ್ಷ, ದೀಪಾವಳಿಗೆ ಮುಂಚೆ, ಕೆರೆ ಮತ್ತೆ ಕೋಡಿ ಬಿತ್ತು. ನೀರು ಬಂತು, ಒಂದು ದಿನ ನಿಂತಿತು, ಇಳಿಯಿತು. ಇಳಿದ ಬೆಳಿಗ್ಗೆ ನಾವು ಕೆಸರು ಬಳಿಯುತ್ತಿದ್ದಾಗ ಅವರು ಪ್ಯಾಂಟು ಮಡಚಿಕೊಂಡು ಬಂದು ನಮ್ಮ ಗೋಡೆಯ ಮುಂದೆ ನಿಂತರು. ನೆನೆದ ಭಾಗ ಕಪ್ಪಗೆ, ನೆನೆಯದ ಭಾಗ ಬೆಳ್ಳಗೆ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

"ಶಾಂತವ್ವ, ಕೆಮ್ಮಣ್ಣು ಐತೇನು?"

"ಮನಿ ಮುಳಗೇತಿ, ಈಗ ರಂಗೋಲಿ ಹಾಕಂತೀರೇನು?"

"ಹಾಕು. ಇದು ಒಣಗೋದ್ರಾಗ ಹಾಕು. ನೀರು ಎಲ್ಲಿತನಾ ಬಂದಿತ್ತೋ ಅಲ್ಲಿತನಾ. ಒಂದು ಬೆರಳು ಹೆಚ್ಚಿಗಿ ಬ್ಯಾಡ, ಒಂದು ಬೆರಳು ಕಮ್ಮಿ ಬ್ಯಾಡ."

ಅವರ ಊರಿನಲ್ಲಿ ಉಳಿದ ಮನೆಗಳ ಗೋಡೆಯ ಮೇಲೆ ನೀರು ಬಂದ ಮಟ್ಟವನ್ನು ಗುರುತು ಮಾಡಿದ್ದಾರಂತೆ. ಬೀದಿಯ ಹೆಂಗಸರನ್ನೆಲ್ಲ ಕೂಗಿದೆ. ಎಲ್ಲರ ಮನೆಯಲ್ಲೂ ಬಾಗಿಲ ಒಳಗಿನ ಗೋಡೆಗೆ ಕೆಮ್ಮಣ್ಣಿನ ಗೆರೆ ಬಿತ್ತು. ಅಮೀನಾಬಿಯ ಮನೆ ತಗ್ಗಿನಲ್ಲಿತ್ತು, ಅಲ್ಲಿ ಗೆರೆ ಎದೆಮಟ್ಟಕ್ಕೆ. ನಮ್ಮ ಮನೆಯಲ್ಲಿ ಮೊಣಕಾಲಿಗೆ. ಮುನಿಯಪ್ಪ ಮಾತ್ರ ಒಂದು ಗೇಣು ಮೇಲೆ ಎಳೆದುಕೊಂಡಿದ್ದ. ಮಾರ್ತಾಂಡಪ್ಪ ಅವನದೇ ಲೆವೆಲ್ ಪೈಪು ತರಿಸಿದರು. ಮೇಸ್ತ್ರಿಗಳು ಗೋಡೆ ಸಮ ನೋಡಲು ಇಟ್ಟುಕೊಳ್ಳುತ್ತಾರಲ್ಲ, ಒಳಗೆ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು, ಅದು. ಒಂದು ತುದಿಯ ನೀರನ್ನು ನಮ್ಮ ಗೆರೆಗೆ ಹೊಂದಿಸಿ ಹಿಡಿದರೆ ಇನ್ನೊಂದು ತುದಿಯ ನೀರು ಮುನಿಯಪ್ಪನ ಗೆರೆಗಿಂತ ಒಂದು ಗೇಣು ಕೆಳಗೆ ನಿಂತಿತು.

"ಏನ್ ಮುನಿಯಪ್ಪ, ನಿಮ್ಮನಿ ನೀರಿಗೆ ಏಣಿ ಕೊಟ್ಟಿದ್ರೇನು?"

"ಅಂಗಲ್ಲ ಸ್ವಾಮಿ, ಗೋಡೆ ಬಿದ್ದಿರೋನು ನಾನು, ಒಂಚೂರು ಜಾಸ್ತಿ ಇರ್ಲಿ ಅಂತ…"

"ಜಾಸ್ತಿ ಬರೆದೇ ಅರ್ಜಿ ಹೋತು. ಅಳಿಸ್ರಿ."

ಅಳಿಸಿದ. ಹಾಗೆ ಬೀದಿಯ ಅಷ್ಟೂ ಮನೆಯ ಗೆರೆಗಳನ್ನು ಪೈಪು ಹಿಡಿದು ತಾಳೆ ನೋಡಿದೆವು. ನೆಲ ಹೆಚ್ಚುಕಮ್ಮಿ, ನೀರು ಮಾತ್ರ ಒಂದೇ ಮಟ್ಟ. ಅಂದರೆ ಹಳೆಯ ಅರ್ಜಿಯಲ್ಲಿ ಒಬ್ಬೊಬ್ಬರು ಒಂದೊಂದು ಮಟ್ಟ ಬರೆಸಿದವರು ಪೂರ್ತಿ ಸುಳ್ಳರೂ ಆಗಿರಲಿಲ್ಲ.

ಆಮೇಲೆ ಹೊಸ ಅರ್ಜಿ. ಬರೆದವಳು ನಾನು, ಸ್ಲೇಟಿನ ಅಕ್ಷರದಲ್ಲಿ. ಮಾರ್ತಾಂಡಪ್ಪ ಸಹಿ ಹಾಕಲಿಲ್ಲ. ಪರದೇಶದವರು ಇಲ್ಲಿಯ ಆಫೀಸಿನ ವಿಷಯಕ್ಕೆ ಬಾಯಿ ಹಾಕಿದರೆ ಇರಲು ಕೊಟ್ಟ ಕಾಗದ ಕಿತ್ತುಕೊಳ್ಳುತ್ತಾರೆ. "ನಾ ಮಾತಾಡಿದ್ರ ನಾಳೆ ವಿಮಾನ. ನೀ ಮಾತಾಡು," ಅಂದರು. ಎಂಜಿನಿಯರ್ ಎದುರು ಹೇಗೆ ಮಾತಾಡಬೇಕು ಅಂತ ನನಗೆ ಕಲಿಸಿದ್ದೂ ಇಷ್ಟೇ: "ಅಳಬ್ಯಾಡ. ಕೈ ಮುಗೀಬ್ಯಾಡ. ಗೆರಿ ತೋರಿಸು." ಅಳುವ ಅಭ್ಯಾಸ ನನಗೆ ಮೊದಲೇ ಇರಲಿಲ್ಲ.

ಯುಗಾದಿಗೆ ಒಂದು ವಾರ ಇರುವಾಗ ಸುದ್ದಿ ಬಂತು, ನಾಳೆ ಎಂಜಿನಿಯರ್ ಸ್ಥಳ ನೋಡಲು ಬರುತ್ತಾರೆ.

ಈಗ ಹೇಳುವುದು ನನ್ನದೇ ದಡ್ಡತನ. ಬೀದಿಯ ಹೆಂಗಸರನ್ನು ಸೇರಿಸಿ ನಾನೇ ಹೇಳಿದೆ, "ದೊಡ್ಡ ಆಫೀಸರು ಬರ್ತಾರ, ಮನಿ ಹಿಂಗ ಹೊಲಸಿದ್ರ ಏನಂದಾರು? ಹೆಂಗೂ ಹಬ್ಬ ಬಂತು, ಇವತ್ತೇ ಸುಣ್ಣ ಹಚ್ಚರಿ." ಹಚ್ಚಿದೆವು. ಕೆಮ್ಮಣ್ಣು ಒಂದು ಕೈ ಸುಣ್ಣಕ್ಕೆ ಇಣುಕುತ್ತದೆ, ಎರಡು ಕೈಗೆ ಮುಚ್ಚಿಹೋಗುತ್ತದೆ. ಸಂಜೆಯೊಳಗೆ ಎರಡು ಕೈ ಹಚ್ಚಿ ಮುಗಿಸಿದ್ದೆವು. ಇಡೀ ಬೀದಿ ಹಾಲಿನ ಹಾಗೆ. ಗೆರೆ ನೆನಪಿಗೇ ಬರಲಿಲ್ಲ, ಒಬ್ಬರಿಗೂ. ಹಬ್ಬಕ್ಕೆ ಸುಣ್ಣ ಹಚ್ಚುವುದು ಕೈ ತಾನಾಗಿ ಮಾಡುವ ಕೆಲಸ, ತಲೆಯನ್ನು ಕೇಳುವುದಿಲ್ಲ.

ಹೊತ್ತು ಮುಳುಗುವಾಗ ಮಾರ್ತಾಂಡಪ್ಪ ಬಂದರು. ಬಾಗಿ ಒಳಗೆ ಬಂದವರು ಗೋಡೆ ನೋಡಿ ಬಾಗಿದ ಹಾಗೇ ನಿಂತರು. ಆಗ ನನಗೆ ಹೊಳೆಯಿತು. ಕೈಯಲ್ಲಿದ್ದ ಸುಣ್ಣದ ಕುಂಚ ಕೆಳಗೆ ಬಿತ್ತು.

"ಚಂದ ಐತಿ," ಅಂದರು.

"ಬೈಯ್ರಿ ಸಾಹೇಬ್ರ. ಸುಮ್ನ ನಿಂದರಬ್ಯಾಡ್ರಿ."

ಹೊಸ್ತಿಲ ಮೇಲೆ ಕೂತರು. "ನಮ್ಮಜ್ಜಿನೂ ಹಿಂಗ ಮಾಡಿದ್ಲು. ನೀರು ಬಂದು ಹೋದ ವರ್ಷ ಹಬ್ಬಕ್ಕ ಮನಿಗೆಲ್ಲ ಸುಣ್ಣ ಹಚ್ಚಿ ಗೆರಿ ಮುಚ್ಚಿಬಿಟ್ಟಿದ್ಲು. ಅದಕ್ಕ ನಮ್ಮಜ್ಜ ಕಲ್ಲಿನಾಗ ಕೆತ್ತಿಸಿದ."

"ಸುಣ್ಣದ ಕೆಳಗ ಹೋದ ಗೆರಿ ಅವಗ ಹೆಂಗ ಸಿಕ್ತು?"

"ಕೆರೆದ," ಅಂದರು. ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಎಂಜಿನಿಯರ್ ಜೀಪಿನಲ್ಲಿ ಬಂದರು. ಕಪ್ಪು ಕನ್ನಡಕ, ಜೊತೆಗೆ ಫೈಲು ಹಿಡಿದ ಗುಮಾಸ್ತ. ಮಾರ್ತಾಂಡಪ್ಪ ದೂರದಲ್ಲಿ ಹೊಂಗೆ ಮರದ ಕೆಳಗೆ ಸೈಕಲ್ ಚೈನು ಸರಿಮಾಡುವವರಂತೆ ಕೂತಿದ್ದರು. ಎಂಜಿನಿಯರ್ ನಮ್ಮ ಮನೆ ಹೊಕ್ಕು ಗೋಡೆ ನೋಡಿದರು. ಇನ್ನೊಂದು ಮನೆ ಹೊಕ್ಕು ನೋಡಿದರು.

"ಏನಮ್ಮ ಇದು? ಗೆರೆ ಇದೆ ಅಂತ ಅರ್ಜೀಲಿ ಬರ್ದಿದೀರ. ಮದುವೆ ಮನೆ ಥರ ಇದೆ. ನೀರು ಬಂದಿತ್ತಾ, ನೆಂಟ್ರು ಬಂದಿದ್ರಾ?"

ಗುಮಾಸ್ತ ನಕ್ಕ. ಅಳಬೇಡ, ಕೈ ಮುಗಿಯಬೇಡ, ಗೆರೆ ತೋರಿಸು ಅಂದಿದ್ದರು. ಗೆರೆ ಎಲ್ಲಿದೆ ತೋರಿಸಲು?

ಅಷ್ಟರಲ್ಲಿ ಹಿಂದಿನಿಂದ ಅಮೀನಾಬಿ ಕೂಗಿದಳು. "ಅರೆ, ನಮ್ಮನೇಲಿ ಐತಲ್ಲ ಶಾಂತಕ್ಕ! ನಾನೆಲ್ಲಿ ಸುಣ್ಣ ಹೊಡ್ದೆ? ನಮ್ದು ಹಬ್ಬ ಇನ್ನಾ ನಾಕೈದು ತಿಂಗಳು ದೂರ ಐತೆ!"

ಎಲ್ಲರೂ ಅಮೀನಾಬಿಯ ಮನೆಗೆ ನುಗ್ಗಿದೆವು. ಮಬ್ಬು ಗೋಡೆಯ ಮೇಲೆ, ಎದೆಮಟ್ಟದಲ್ಲಿ, ಕುಂಕುಮ ಎಳೆದ ಹಾಗೆ ಕೆಂಪಗೆ ಇತ್ತು ಗೆರೆ. ಎಂಜಿನಿಯರ್ ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿಕೊಂಡರು.

"ಒಂದು ಮನೇಲಿ ಒಂದು ಗೆರೆ. ಇದನ್ನ ನೀವು ನಿನ್ನೆ ಎಳೆದಿರಬಹುದು. ನಾನು ಇದನ್ನ ಹೆಂಗಮ್ಮಾ ಬರ್ಕೊಳ್ಳಲಿ?"

ಆಗ ನನಗೆ ಸಂಜೆಯ ಮಾತು ನೆನಪಾಯಿತು. ಕೆರೆದ ಅಂದಿದ್ದರು. ಎಲ್ಲಿ ಕೆರೆಯಬೇಕು ಅನ್ನುವುದು ಗೊತ್ತಿದ್ದರೆ ಆಯಿತಲ್ಲ.

"ಮುನಿಯಪ್ಪ, ಪೈಪು ತಾ."

"ಪೈಪಾ? ಈಗ್ಯಾಕಮ್ಮೋ?"

"ತಾ ಅಂದ್ರ ತಾ!"

ತಂದ. ಒಂದು ತುದಿ ಅಮೀನಾಬಿಯ ಕೈಗೆ ಕೊಟ್ಟೆ. "ನಿನ್ನ ಗೆರಿಗೆ ನೀರು ಹೊಂದಿಸಿ ಹಿಡಿ, ಅಲುಗಾಡಿದ್ರ ನೋಡು." ಇನ್ನೊಂದು ತುದಿಯನ್ನು ಮುನಿಯಪ್ಪ ಎಳೆದುಕೊಂಡು ಬಾಗಿಲು ದಾಟಿ, ಬೀದಿಗಿಳಿದು, ನಮ್ಮ ಮನೆಯೊಳಗೆ ಬಂದ. ಪೈಪಿನ ನೀರು ಏರಿತು, ಇಳಿಯಿತು, ನಿಂತಿತು. ನಿಂತ ಕಡೆ ಇದ್ದಿಲಿನಿಂದ ಬಿಳಿ ಗೋಡೆಗೆ ಒಂದು ಚುಕ್ಕೆ ಇಟ್ಟೆ.

"ಸಾಹೇಬ್ರ, ನನ್ನ ಕೈ ಬ್ಯಾಡ. ನಿಮ್ಮ ಕೈಲೆ ಕೆರೀರಿ. ಚುಕ್ಕಿ ಇದ್ದಲ್ಲೇ."

ಎಂಜಿನಿಯರ್ ನನ್ನ ಮುಖ ನೋಡಿದರು. ಜೇಬಿನಿಂದ ಬೀಗದ ಕೈ ತೆಗೆದು ಚುಕ್ಕೆಯ ಮೇಲೆ ಗೀರಿದರು. ಬಿಳಿ ಪುಡಿ ಉದುರಿತು. ಇನ್ನೊಮ್ಮೆ ಗೀರಿದರು. ಮತ್ತೂ ಬಿಳಿಯೇ. ಹೊರಗೆ ನಿಂತವರು ಬಾಗಿಲಿಗೆ ಮುತ್ತಿಕೊಂಡರು. ಮೂರನೇ ಸಲ ಗೀರಿದಾಗ ಕೆಂಪು ಬಂತು. ಬೀಗದ ಕೈಯ ತುದಿಗೇ ಕೆಮ್ಮಣ್ಣು ಅಂಟಿತು.

ಅದನ್ನು ಅಂಗೈಗೆ ಒರೆಸಿಕೊಂಡು ನೋಡಿದರು. "ಮುಂದಿನ ಮನೆ," ಅಂದರು.

ಮುಂದಿನ ಮನೆಯಲ್ಲೂ ಪೈಪು ಹೇಳಿದ ಕಡೆ ಕೆರೆದರೆ ಕೆಂಪು. ಅದರ ಮುಂದಿನ ಮನೆಯಲ್ಲೂ ಕೆಂಪು. ಮುನಿಯಪ್ಪನ ಮನೆ ಬಂದಾಗ ಅವನು ಬೀಗದ ಕೈಯಿಂದ ಕಣ್ಣು ಕೀಳಲಿಲ್ಲ, ಗೇಣು ಮೇಲಿದ್ದ ತನ್ನ ಹಳೆಯ ಕಳ್ಳ ಗೆರೆ ಎದ್ದು ಬಂದೀತೇನೋ ಅಂತ. ಅಲ್ಲೂ ಸರಿಯಾದ ಗೆರೆಯೇ ಬಂತು. "ಅಳಿಸಿದ್ದೇ ಒಳ್ಳೇದಾಯ್ತು ಕಣಮ್ಮ," ಅಂತ ನನ್ನ ಕಿವಿಯಲ್ಲಿ ಅಂದ. ಏಳನೇ ಮನೆಗೆ ಎಂಜಿನಿಯರ್ ಬೀಗದ ಕೈ ಜೇಬಿಗೆ ಹಾಕಿಕೊಂಡು ಗುಮಾಸ್ತನ ಕಡೆ ತಿರುಗಿದರು.

"ಬರ್ಕೊಳ್ರೀ. ಇಡೀ ಬೀದಿ. ಒಂದೇ ಮಟ್ಟ." ನನ್ನನ್ನು ಕೇಳಿದರು, "ಈ ಪೈಪಿನ ಐಡಿಯಾ ಯಾರ್ದಮ್ಮ?"

ನಾನು ಹೊಂಗೆ ಮರದ ಕಡೆ ನೋಡಲಿಲ್ಲ. "ಮೇಸ್ತ್ರಿ ಮನ್ಯಾಗ ಪೈಪ್ ಇರೂದೇ ಸಮ ನೋಡಾಕ, ಇದರಾಗ ಐಡಿಯಾ ಏನ್ ಬಂತ್ರೀ?" ಅಂದೆ.

ಜೀಪು ಹೋದ ಮೇಲೆ ಬೀದಿಯಲ್ಲಿ ಎದ್ದ ಗಲಾಟೆ ಮದುವೆ ದಿಬ್ಬಣದಲ್ಲೂ ಏಳುವುದಿಲ್ಲ. ಅಮೀನಾಬಿಯನ್ನು ಹೆಂಗಸರು ಎತ್ತಿಕೊಂಡು ಕುಣಿದರು. ಅವಳು ಕೈಯಲ್ಲಿ ಇನ್ನೂ ಪೈಪು ಹಿಡಿದೇ ಇದ್ದಳು, ಒಳಗಿನ ನೀರೆಲ್ಲ ಎಲ್ಲರ ಮೈಮೇಲೆ. "ಬಿಡ್ರೇ, ಬಿಡ್ರೇ, ಸೊಂಟ ಹೋಯ್ತು!" ಅಂತ ಕೂಗುತ್ತಿದ್ದಳು. ಮಾರ್ತಾಂಡಪ್ಪ ಸೈಕಲ್ ತಳ್ಳಿಕೊಂಡು ನಮ್ಮ ಮುಂದೆಯೇ ಹಾದುಹೋದರು. ನಿಲ್ಲಲಿಲ್ಲ. ಗಂಟೆ ಮಾತ್ರ ಬಾರಿಸಿದರು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ.

ಮಳೆಗಾಲಕ್ಕೆ ಮುಂಚೆ ರಸ್ತೆಯಡಿಯ ಪೈಪು ಕಿತ್ತು ಕಲ್ಲಿನ ಮೋರಿ ಕಟ್ಟಿದರು, ಎತ್ತಿನ ಗಾಡಿ ನುಗ್ಗುವಷ್ಟು ಅಗಲ. ಆ ವರ್ಷ ಕೆರೆ ಮೂರು ಸಲ ಕೋಡಿ ಬಿತ್ತು. ಮೂರು ಸಲವೂ ನಾವೆಲ್ಲ ಮೋರಿಯ ಮೇಲೆ ನಿಂತು ನೋಡಿದೆವು. ನೀರು ಗುಟುರು ಹಾಕುತ್ತ ಬಂದು, ಮೋರಿಯೊಳಗೆ ನುಗ್ಗಿ, ಆ ಕಡೆ ಹೊರಟುಹೋಯಿತು. ನಮ್ಮ ಬೀದಿಯ ಕಡೆ ತಿರುಗಿಯೂ ನೋಡಲಿಲ್ಲ. ಊರಿನ ಒಬ್ಬ ಮುಖಂಡ ಬಂದು ಮೋರಿಗೆ ತನ್ನ ಹೆಸರಿನ ಕಲ್ಲು ನೆಡಿಸಿದ. ಆ ಕಲ್ಲು ಈಗ ಯಾರದೋ ಮನೆಯಲ್ಲಿ ಬಟ್ಟೆ ಒಗೆಯಲು ಆಗಿದೆ. ಮಾರ್ತಾಂಡಪ್ಪನ ಊರಿನ ರಸ್ತೆಗಳ ಕತೆಯನ್ನು ನಾನು ಎಲ್ಲರಿಗೂ ಹೇಳಿದ್ದೆ. ಯಾರೂ ಸಭೆ ಸೇರಿ ಹೆಸರಿಡಲಿಲ್ಲ, ಆದರೂ ಜನರ ಬಾಯಲ್ಲಿ ಅದು ಅಮೀನಾಬಿ ಮೋರಿ ಆಯಿತು. ಇವತ್ತಿಗೂ ಆಟೋದವರು ಕೇಳುತ್ತಾರೆ: "ಅಮೀನಾಬಿ ಮೋರಿಯಿಂದ ಈಚೆಗಾ, ಆಚೆಗಾ?" ಅವಳು ಯಾರು ಅಂತ ಅವರಿಗೆ ಗೊತ್ತಿಲ್ಲ.

ಎಂಬತ್ತೊಂಬತ್ತರ ಕೊನೆಗೆ ಅವರ ದೇಶದಲ್ಲಿ ಎಲ್ಲ ಬದಲಾಗುತ್ತಿದೆ, ಹೋದವರು ವಾಪಸು ಬರಬಹುದು ಅಂತ ರೇಡಿಯೋದಲ್ಲಿ ಬಂತು. ಮಾರ್ತಾಂಡಪ್ಪ ರೇಡಿಯೋ ಆರಿಸಿ, "ಶಾಂತವ್ವ, ಊರಿಗೆ ಹೊಂಟೆ," ಅಂದರು. ಮಾರುಕಟ್ಟೆಗೆ ಹೋಗಿ ಬರುತ್ತೇನೆ ಅಂದ ಹಾಗೆ. ಆಗ ಅವರಿಗೆ ಎಪ್ಪತ್ತೆಂಟು.

ಹೊರಡುವ ದಿನ ಎರಡು ಸೇರು ಬ್ಯಾಡಗಿ ಮೆಣಸಿನಕಾಯಿ ಕಟ್ಟಿಕೊಟ್ಟೆ. "ಅಲ್ಲಿ ಸಿಗ್ತದ," ಅಂದರು. "ಅದು ಇದಲ್ಲ," ಅಂದೆ. ಇಸಿದುಕೊಂಡರು. ಆಮೇಲೆ ಅಮೀನಾಬಿಯ ಮನೆಗೆ ಹೋದರು. ಅವಳು ಹಬ್ಬಕ್ಕೆ ಸುಣ್ಣ ಹಚ್ಚುವಾಗ ಆ ಗೆರೆಯನ್ನು ಬಿಟ್ಟು ಹಚ್ಚುತ್ತಿದ್ದಳು. ಹಾಸಿಗೆ ಹೊಲಿಯುವ ದಪ್ಪ ದಾರ ಕೇಳಿ ಪಡೆದರು. ಮಂಡಿಯೂರಲು ಆಗ ಆಗುತ್ತಿರಲಿಲ್ಲ, ಹಾಗಾಗಿ ದಾರದ ಒಂದು ತುದಿಯನ್ನು ನೆಲಕ್ಕೆ ನಾನು ಹಿಡಿದೆ. ಗೆರೆಯ ಮಟ್ಟಕ್ಕೆ ಅಮೀನಾಬಿ ಕತ್ತರಿ ಹಾಕಿದಳು. ದಾರವನ್ನು ಬೆಂಕಿಪೊಟ್ಟಣಕ್ಕೆ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಇದ್ಯಾಕೆ ಸ್ವಾಮಿ, ನಿಮ್ಮೂರಲ್ಲಿ ದಾರ ಇಲ್ವಾ?" ಅಂತ ಅಮೀನಾಬಿ ಕೇಳಿದಳು.

"ನಮ್ಮಜ್ಜನ ಕಲ್ಲಿನ ಜೋಡಿ ಹಿಡಿದು ನೋಡ್ತೀನಿ. ಯಾರ ನೀರು ಹೆಚ್ಚು ಅಂತ."

ಟ್ಯಾಕ್ಸಿ ಹತ್ತಿದರು. ಯಾರೂ ಅಳಲಿಲ್ಲ, ಮುನಿಯಪ್ಪನೊಬ್ಬನನ್ನು ಬಿಟ್ಟು.

ಮರುವರ್ಷ ಒಂದು ಕಾಗದ ಬಂತು. ಒಂದನೇ ಕ್ಲಾಸಿನ ಅಕ್ಷರ, ಸಾಲು ಮೇಲೆ ಕೆಳಗೆ. ಯಾರ ಕೈಯಲ್ಲೂ ಓದಿಸಲಿಲ್ಲ, ನಾನೇ ಓದಿದೆ. "ಶಾಂತವ್ವ, ಮನಿ ಐತಿ. ಕಲ್ಲು ಐತಿ. ನಮ್ಮ ನೀರು ನಿಮ್ಮ ನೀರಿಗಿಂತ ಒಂದು ಮೊಳ ಹೆಚ್ಚು. ಅಮೀನಾಬಿಗೆ ಹೇಳು. ಮೆಣಸಿನಕಾಯಿ ನಿಮ್ಮದೇ ಚಲೋ. ಇಲ್ಲಿ ಮತ್ತ ಚುನಾವಣೆಗೆ ನಿಲ್ಲಂತಾರ. ಸೋಲ್ತೀನಿ, ಹೆದರಬ್ಯಾಡ."

ಸೋಲಲಿಲ್ಲ. ಇನ್ನೆರಡು ವರ್ಷ ಕಳೆದ ಮೇಲೆ ಅವರ ತಮ್ಮನ ಮಗಳು ಇಂಗ್ಲಿಷಿನಲ್ಲಿ ಕಾಗದ ಬರೆದಳು. ಬ್ಯಾಂಕಿನ ಗುಮಾಸ್ತರು ಓದಿ ಹೇಳಿದರು. ದೊಡ್ಡಪ್ಪ ಊರಿನ ಕೌನ್ಸಿಲ್ಲಿಗೆ ಗೆದ್ದಿದ್ದರು. ಈ ಸಲ ಯಾರೂ ಜೈಲಿಗೆ ಹಾಕಲಿಲ್ಲ. ಕೊನೆಯವರೆಗೂ ಸಭೆಗೆ ಹೋಗಿ, ಎದ್ದು ನಿಂತು ನದಿಯ ಏರಿಯ ಬಗ್ಗೆ, ಮೋರಿಗಳ ಬಗ್ಗೆ ಜಗಳ ಮಾಡಿ, ಅಜ್ಜನ ಮನೆಯಲ್ಲೇ ತೀರಿಕೊಂಡರು. ಕಾಗದದ ಕೊನೆಯಲ್ಲಿ ಒಂದು ಮಾತು ಕೇಳಿದ್ದಳು. ಗೋಡೆಯಲ್ಲಿ ನೆರೆಯ ಗುರುತಿನ ಕಲ್ಲಿದೆ, ಅದರ ಪಕ್ಕ ಸ್ವಲ್ಪ ಕೆಳಗೆ ಒಂದು ಮೊಳೆಗೆ ಕಟ್ಟಿದ ದಾರ ನೆಲದವರೆಗೆ ಇಳಿಬಿದ್ದಿದೆ. ನಾವು ಮನೆಗೆ ಬಣ್ಣ ಹಚ್ಚಿಸಬೇಕು. ಆ ದಾರ ಏನು? ತೆಗೆಯಬಹುದಾ?

ಅವತ್ತೇ ಉತ್ತರ ಬರೆದೆ, ಕನ್ನಡದಲ್ಲಿ. ಬ್ಯಾಂಕಿನವರು ಅದರ ಕೆಳಗೆ ಇಂಗ್ಲಿಷು ಸೇರಿಸಿದರು.

"ತೆಗೀಬ್ಯಾಡವ್ವ. ಅದು ಅಮೀನಾಬಿ ಮನಿ ನೀರು. ಅಲ್ಲಿತನಾ ಬಂದಿತ್ತು, ಈಗ ಬರೂದಿಲ್ಲ. ಅದನ್ನ ಬಿಟ್ಟು ಬಣ್ಣ ಹಚ್ಚರಿ."